ಅಪ್‌ಲೋಡ್ ಪಟ್ಟಿಯಲ್ಲಿ ನನ್ನ ಬಯೋಡೇಟಾ

ಪೀರ್ ಟು ಪೀರ್, ಅಂದರೆ ಜನರ ಕಂಪ್ಯೂಟರ್‌ಗಳೇ ನೇರವಾಗಿ ಒಂದಕ್ಕೊಂದು ಫೈಲ್ ಕೊಡುವ ಜಾಲ, ಅದರ ವಿಷಯದಲ್ಲಿ ನನಗೆ ಬುದ್ಧಿ ಬಂದಿದ್ದು ಒಂದು ರಾತ್ರಿ, ಸುಮ್ನೆ ಅಪ್‌ಲೋಡ್ ಟ್ಯಾಬ್ ತೆರೆದು ನೋಡಿದಾಗ. ಡೌನ್‌ಲೋಡ್ ಎಷ್ಟಾಯ್ತು ಅಂತ ಹತ್ತು ಸಲ ನೋಡುವವರೇ ನಾವೆಲ್ಲ, ಅಪ್‌ಲೋಡ್ ಕಡೆ ಯಾರು ತಿರುಗಿ ನೋಡ್ತಾರೆ? ಅಲ್ಲಿ ನನ್ನ ಬಯೋಡೇಟಾ ಇತ್ತು. ಯಾರೋ ಗುರುತು ಪರಿಚಯ ಇಲ್ಲದವರು ಅದನ್ನು ಎಳೆದುಕೊಳ್ಳುತ್ತಿದ್ದರು, ಅರ್ಧಕ್ಕಿಂತ ಜಾಸ್ತಿ ಆಗಿಹೋಗಿತ್ತು.

ಅದು ಗ್ನುಟೆಲ್ಲಾ ಜಾಲಕ್ಕೆ ಸೇರುವ ಒಂದು ಪ್ರೋಗ್ರಾಂ. ಹಾಕಿಕೊಳ್ಳುವಾಗ ಯಾವ ಫೋಲ್ಡರ್ ಹಂಚಬೇಕು ಅಂತ ಕೇಳಿತ್ತು. ಎಲ್ಲಾ ಒಂದೇ ಕಡೆ ಇರಲಿ ಅಂತ ನಾನು ಡಾಕ್ಯುಮೆಂಟ್ಸ್ ಫೋಲ್ಡರನ್ನೇ ತೋರಿಸಿದ್ದೆ. ಅದರ ಒಳಗಿದ್ದ ಫೋಲ್ಡರ್‌ಗಳೆಲ್ಲ ಜೊತೆಗೇ ಹೋದವು. ಗಾಬರಿಯಲ್ಲಿ ಕೇಬಲ್ ಕಿತ್ತೆ. ಆದರೆ ಅದಕ್ಕೂ ಮೊದಲು ಎಷ್ಟು ಜನ ಏನೇನು ತೆಗೆದುಕೊಂಡು ಹೋಗಿದ್ದರೋ, ಅದು ಗೊತ್ತಾಗುವ ದಾರಿಯೇ ಇರಲಿಲ್ಲ.

ಆಮೇಲೆ ಹಠ ಹಿಡಿದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ವರ್ಚುವಲ್ ಮೆಷಿನ್ (ಕಂಪ್ಯೂಟರಿನ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್) ಮಾಡಿ, ನನ್ನದು ಅಂತ ಒಂದೂ ಫೈಲ್ ಇಡದೆ, ಒಂದೊಂದೇ ಜಾಲಕ್ಕೆ ಸೇರಿ ನೋಡಿದೆ. ಪರೀಕ್ಷೆಗೆ ಎರಡೇ ಸಾಮಾನು: ಒಂದು ಲಿನಕ್ಸ್ ಐಎಸ್‌ಒ (ಲಿನಕ್ಸ್ ಹಾಕಿಕೊಳ್ಳೋಕೆ ಬೇಕಾದ ಫೈಲ್), ಇನ್ನೊಂದು ಯಾರೂ ಇಡದಂಥ ವಿಚಿತ್ರ ಹೆಸರಿನ ಒಂದು ಟೆಕ್ಸ್ಟ್ ಫೈಲ್. ಆ ಟೆಕ್ಸ್ಟ್ ಫೈಲನ್ನು ಬೇರೆ ಕಂಪ್ಯೂಟರಿನಿಂದ ಹುಡುಕಿದಾಗ ಸಿಕ್ಕಿತು ಅಂದರೆ ನಾನು ತೆರೆದ ಮನೆಯಲ್ಲಿದ್ದೇನೆ ಅಂತ ಲೆಕ್ಕ.

1999ರಲ್ಲಿ ಶಾನ್ ಫ್ಯಾನಿಂಗ್ ಶುರು ಮಾಡಿದ ನ್ಯಾಪ್‌ಸ್ಟರ್‌ನಲ್ಲಿ ಫೈಲ್ ಜನರ ಹತ್ತಿರ ಇತ್ತು, ಪಟ್ಟಿ ಮಾತ್ರ ಕಂಪನಿಯ ಸರ್ವರ್‌ನಲ್ಲಿತ್ತು. ಅದಕ್ಕೇ 2001ರಲ್ಲಿ ಕೋರ್ಟ್ ಆದೇಶ ಬಂದಾಗ ಇಡೀ ಜಾಲ ನಿಂತುಹೋಯಿತು. 2000ದಲ್ಲಿ ಬಂದ ಗ್ನುಟೆಲ್ಲಾಕ್ಕೆ ಆ ನಡುವಿನ ಸರ್ವರ್ರೇ ಇಲ್ಲ. ನೀವು ಕೇಳಿದ್ದನ್ನು ಪಕ್ಕದವರಿಗೆ, ಅವರು ಅವರ ಪಕ್ಕದವರಿಗೆ ದಾಟಿಸುತ್ತಾ ಹೋಗುತ್ತಾರೆ. ಅಂದರೆ ನೀವು ಹುಡುಕುವ ಪದ ದಾರಿಯಲ್ಲಿರುವ ಎಷ್ಟೋ ಅಪರಿಚಿತ ಯಂತ್ರಗಳ ಕೈ ದಾಟುತ್ತದೆ. ಇದನ್ನು ಓದಿದ ಮೇಲೆ ನಾನು ಅಲ್ಲಿ ಹೆಸರು ಕೊಟ್ಟು ಏನನ್ನೂ ಹುಡುಕಲಿಲ್ಲ.

ಕಜಾ ಅನ್ನುವ ಇನ್ನೊಂದು ಹಂಚಿಕೆ ಪ್ರೋಗ್ರಾಂನ ಕಥೆ ಬೇರೆ. ಅದರ ಜೊತೆ ಸ್ಪೈವೇರ್, ಅಂದರೆ ಕದ್ದು ನೋಡುವ ಪ್ರೋಗ್ರಾಂ, ಅಂಟಿಕೊಂಡು ಬರುತ್ತಿತ್ತು ಅನ್ನೋದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಕುತೂಹಲ ಅನಿಸಿದ್ದು ಅದರ ಹ್ಯಾಶ್, ಅಂದರೆ ಫೈಲ್ ಅದೇನಾ, ಬದಲಾಗಿದೆಯಾ ಅಂತ ನೋಡೋಕೆ ಫೈಲಿನಿಂದ ಲೆಕ್ಕ ಹಾಕುವ ಗುರುತು. ಬೇಗ ಆಗಲಿ ಅಂತ ಅದು ದೊಡ್ಡ ಫೈಲಿನಲ್ಲಿ ಅಲ್ಲೊಂದು ಇಲ್ಲೊಂದು ತುಂಡನ್ನಷ್ಟೇ ಲೆಕ್ಕ ಹಾಕುತ್ತಿತ್ತು. ಲೆಕ್ಕಕ್ಕೆ ಸಿಗದ ಜಾಗದಲ್ಲಿ ಕಸ ತುಂಬಿದರೂ ಹ್ಯಾಶ್ ಅದೇ ಬರುತ್ತದೆ! ಅದಕ್ಕೇ ಅಲ್ಲಿ ನಡುವೆ ಕೆಟ್ಟ ಶಬ್ದ ಬರುವ ಹಾಡುಗಳು ಅಷ್ಟೊಂದು ಓಡಾಡಿದ್ದು.

ಇಮ್ಯೂಲ್ ಅನ್ನುವ ಪ್ರೋಗ್ರಾಂ ಈ ವಿಷಯದಲ್ಲಿ ಗಟ್ಟಿ. ಫೈಲನ್ನು ಸುಮಾರು 9.28 ಎಂಬಿ ತುಂಡು ಮಾಡಿ, ಪ್ರತಿ ತುಂಡಿಗೂ ಎಂಡಿ4 ಅನ್ನುವ ಬಗೆಯ ಹ್ಯಾಶ್ ಹಾಕುತ್ತದೆ. ಆದರೆ ತುಂಡು ಸರಿ ಇದ್ದ ಮಾತ್ರಕ್ಕೆ ಫೈಲ್ ಒಳ್ಳೆಯದು ಅಂತಲ್ಲ, ಅಲ್ವಾ? ವಿಷವನ್ನೂ ಸರಿಯಾಗಿ ತುಂಡು ಮಾಡಿ ಕಳಿಸಬಹುದು. ಅಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಫೈಲ್ ಹೆಸರುಗಳ ಟ್ಯಾಬ್. ಒಂದೇ ಫೈಲನ್ನು ಬೇರೆಬೇರೆಯವರು ಯಾವ ಹೆಸರಲ್ಲಿ ಇಟ್ಟುಕೊಂಡಿದ್ದಾರೆ ಅಂತ ಅದು ತೋರಿಸುತ್ತದೆ. ನಾನು ಬಳಸೋಣ ಅಂದುಕೊಂಡಿದ್ದ ಒಂದು ಸಾಫ್ಟ್‌ವೇರ್‌ಗೆ ಅಲ್ಲಿ ನಾಲ್ಕು ಹೆಸರಿದ್ದವು, ಒಂದು ಆಟದ್ದು, ಒಂದು ಸಿನಿಮಾದ್ದು, ಇನ್ನೆರಡು ನಾನು ಕೇಳಿಯೇ ಇರದ ಯಾವುದೋ ಟೂಲ್‌ನದು. ಯಾರು ಏನು ಹುಡುಕಿದರೂ ತಾನೇ ಸಿಗಬೇಕು ಅಂತ ಬಿಟ್ಟ ಫೈಲ್ ಅದು. ಮುಟ್ಟಲಿಲ್ಲ. ಇನ್ನೊಂದು: ಇಮ್ಯೂಲ್ ಸೇರುವ ಸರ್ವರ್‌ಗಳ ಪಟ್ಟಿಯನ್ನು ತಾನಾಗಿ ಅಪ್‌ಡೇಟ್ ಮಾಡಿಕೊಳ್ಳುವ ಆಯ್ಕೆಗಳನ್ನು ತೆಗೆದುಹಾಕಿ, ನಕಲಿ ಸರ್ವರ್‌ಗಳು ನುಸುಳುವುದು ಅಲ್ಲಿಂದಲೇ.

ಡೈರೆಕ್ಟ್ ಕನೆಕ್ಟ್ ಅನ್ನುವ ಜಾಲದಲ್ಲಿ ಹಬ್‌ಗಳಿವೆ, ಅಂದರೆ ಜನ ಬಂದು ಸೇರುವ ಸರ್ವರ್‌ಗಳು. ಹಬ್ಬಿಗೆ ಸೇರಬೇಕಾದರೆ ಕನಿಷ್ಠ ಇಷ್ಟು ಜಿಬಿ ಹಂಚಲೇಬೇಕು ಅಂತ ಕೆಲವರು ನಿಯಮ ಇಡುತ್ತಾರೆ. ಲೆಕ್ಕ ತುಂಬಿಸೋಕೆ ಜನ ಇಡೀ ಡ್ರೈವನ್ನೇ ಹಂಚಿಬಿಡುತ್ತಾರೆ. ಹಬ್ಬಿನಲ್ಲಿರುವ ಯಾರು ಬೇಕಾದರೂ ನಿಮ್ಮ ಪೂರ್ತಿ ಫೈಲ್ ಪಟ್ಟಿ ಇಳಿಸಿಕೊಂಡು ಆರಾಮಾಗಿ ಓದಬಹುದು. ನನ್ನ ಹಳೆಯ ತಪ್ಪು ಅಲ್ಲಿ ಹೆಚ್ಚುಕಮ್ಮಿ ರೂಢಿಯೇ ಆಗಿದೆ.

ಬಿಟ್‌ಟೊರೆಂಟ್‌ಗೆ ಬಂದಾಗ ಮೊದಲು ನಿರಾಳ ಅನಿಸಿತು. ಬ್ರಾಮ್ ಕೋಹೆನ್ 2001ರಲ್ಲಿ ಬಿಟ್ಟ ಈ ವ್ಯವಸ್ಥೆಯಲ್ಲಿ ಹಂಚಿಕೆ ಫೋಲ್ಡರ್ ಅನ್ನೋದೇ ಇಲ್ಲ. ನೀವು ಸೇರಿಸಿದ ಟೊರೆಂಟ್ (ಯಾವ ಫೈಲ್ ಅಂತ ವಿವರಿಸುವ ಚಿಕ್ಕ ಕಡತ) ಹೇಳುವ ಫೈಲ್ ಮಾತ್ರ ಹೋಗುತ್ತದೆ. ನನ್ನ ಬಯೋಡೇಟಾ ಇಲ್ಲಿ ತಪ್ಪಿಯೂ ಹೋಗುತ್ತಿರಲಿಲ್ಲ. ಪ್ರತಿ ತುಂಡನ್ನೂ ಹ್ಯಾಶ್ ಹಾಕಿ ನೋಡುತ್ತದೆ, ಕೆಟ್ಟದ್ದನ್ನು ಎಸೆದು ಮತ್ತೆ ತರಿಸುತ್ತದೆ.

ಆದರೆ ಡೆಬಿಯನ್ ಅನ್ನುವ ಲಿನಕ್ಸಿನ ಐಎಸ್‌ಒ ಇಳಿಸುತ್ತಾ ಪೀರ್ಸ್ (ಅದೇ ಫೈಲ್ ಹಂಚಿಕೊಳ್ಳುತ್ತಿರುವವರು) ಟ್ಯಾಬ್ ತೆರೆದೆ ನೋಡಿ. ಸಾಲುಸಾಲಾಗಿ ಐಪಿ ವಿಳಾಸಗಳು (ಇಂಟರ್‌ನೆಟ್‌ನಲ್ಲಿ ಒಂದೊಂದು ಸಂಪರ್ಕದ ಗುರುತಿನ ಸಂಖ್ಯೆ), ಯಾವ ಪ್ರೋಗ್ರಾಂ, ಯಾವ ಆವೃತ್ತಿ, ಫೈಲ್ ಎಷ್ಟು ಶೇಕಡಾ ಸೇರಿದೆ, ಎಲ್ಲಾ. ನನಗೆ ಅವರು ಕಾಣುತ್ತಿದ್ದಾರೆ ಅಂದರೆ ಅವರಿಗೂ ನಾನು ಹಾಗೇ ಕಾಣುತ್ತಿದ್ದೇನೆ. ಯಾರು ಏನು ಇಳಿಸುತ್ತಿದ್ದಾರೆ ಅಂತ ಪಟ್ಟಿ ಮಾಡುವವರು ಏನನ್ನೂ ಒಡೆಯಬೇಕಿಲ್ಲ, ಗುಂಪಿಗೆ ಬಂದು ಕೂತರೆ ಸಾಕು. ಎನ್‌ಕ್ರಿಪ್ಶನ್ ಆನ್ ಮಾಡಿದರೂ ಇದು ಬದಲಾಗುವುದಿಲ್ಲ, ಅದು ದಾರಿಯಲ್ಲಿ ಹೋಗುವ ಮಾಹಿತಿಯ ಗುರುತು ಮರೆಸುತ್ತದೆ ಅಷ್ಟೇ, ವಿಳಾಸ ಅಲ್ಲ. ಜೊತೆಗೆ, ಇಳಿಸುತ್ತಿರುವಾಗಲೇ ನೀವು ಬೇರೆಯವರಿಗೆ ಕೊಡುತ್ತಲೂ ಇರುತ್ತೀರಿ. ಹಕ್ಕುಸ್ವಾಮ್ಯ ಇರುವ ಫೈಲ್ ಆದರೆ ನೀವು ಬರೀ ತೆಗೆದುಕೊಂಡವರಲ್ಲ, ಹಂಚಿದವರೂ ಹೌದು.

ನಮ್ಮ ವಿಳಾಸದ ಬದಲು ಬೇರೊಂದು ವಿಳಾಸ ತೋರಿಸುವ ವಿಪಿಎನ್ ಹಾಕಿದರೆ ಮುಗೀತು ಅಂತ ನಾನೂ ನಂಬಿದ್ದೆ. ಪರೀಕ್ಷೆಗೆ ನಡುವೆ ವಿಪಿಎನ್ ಆಫ್ ಮಾಡಿದೆ. ವೇಗ ಒಂದು ಕ್ಷಣ ಕುಸಿಯಿತು, ಮತ್ತೆ ಮೇಲೆದ್ದಿತು. ಸದ್ದಿಲ್ಲದೆ ನನ್ನ ನಿಜವಾದ ವಿಳಾಸದಿಂದ ಕೆಲಸ ಮುಂದುವರಿದಿತ್ತು. ಕ್ಯೂಬಿಟ್‌ಟೊರೆಂಟ್ ಅನ್ನುವ ಬಿಟ್‌ಟೊರೆಂಟ್ ಪ್ರೋಗ್ರಾಂನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಇಂಟರ್‌ಫೇಸ್ ಅಂತ ಒಂದು ಆಯ್ಕೆ ಇದೆ, ಯಾವ ಸಂಪರ್ಕದಿಂದ ಮಾತ್ರ ಹೋಗಬೇಕು ಅಂತ ಹೇಳೋಕೆ. ಅಲ್ಲಿ ವಿಪಿಎನ್ ಇಂಟರ್‌ಫೇಸನ್ನು ಕಟ್ಟಿಹಾಕಿ ಮತ್ತೆ ಆಫ್ ಮಾಡಿದೆ. ಈ ಸಲ ವೇಗ ಸೊನ್ನೆಗೆ ಬಂದು ಅಲ್ಲೇ ನಿಂತಿತು. ಆ ಸೊನ್ನೆ ನೋಡಿ ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು.

ಪ್ರೋಗ್ರಾಂ ಎಲ್ಲಿಂದ ಇಳಿಸುತ್ತೀರಿ ಅನ್ನೋದೂ ಮುಖ್ಯ, ಆದರೆ ಅದೂ ಪೂರ್ತಿ ಗ್ಯಾರಂಟಿ ಅಲ್ಲ. 2016ರ ಮಾರ್ಚ್‌ನಲ್ಲಿ ಟ್ರಾನ್ಸ್‌ಮಿಷನ್ ಅನ್ನುವ ಬಿಟ್‌ಟೊರೆಂಟ್ ಪ್ರೋಗ್ರಾಂನ ಅಧಿಕೃತ ತಾಣದಲ್ಲೇ ಇದ್ದ ಮ್ಯಾಕ್ ಇನ್‌ಸ್ಟಾಲರ್ 2.90ರಲ್ಲಿ ಕೀರೇಂಜರ್ ಅನ್ನುವ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಂ) ಸೇರಿಕೊಂಡಿತ್ತು. ವಿಂಡೋಸ್‌ನಲ್ಲಿ ಇದ್ದರೆ ಫೈಲಿನ ಎಕ್ಸ್‌ಟೆನ್ಶನ್ ಬಚ್ಚಿಡುವ ಸೆಟ್ಟಿಂಗನ್ನು ಇವತ್ತೇ ತೆಗೆಯಿರಿ. ಹಾಡು ಅಂತ ಕಾಣುವ ಹೆಸರಿನ ಬಾಲದಲ್ಲಿ ಇಎಕ್ಸ್‌ಇ (ಅಂದರೆ ಅದು ಹಾಡಲ್ಲ, ಪ್ರೋಗ್ರಾಂ) ಇರುವುದು ಆಗ ಕಣ್ಣಿಗೆ ಬೀಳುತ್ತದೆ.

ಈಗ ಲಿನಕ್ಸ್ ಐಎಸ್‌ಒಗಳಿಗೆ ಬಿಟ್‌ಟೊರೆಂಟ್, ನನ್ನದೇ ಫೋನ್ ಮತ್ತು ಕಂಪ್ಯೂಟರ್ ನಡುವೆ ಫೈಲ್ ಸಾಗಿಸೋಕೆ ಸಿಂಕ್‌ಥಿಂಗ್. ಅದೂ ಪೀರ್ ಟು ಪೀರ್ರೇ, ಆದರೆ ನಾನು ಒಪ್ಪಿಕೊಂಡ ಯಂತ್ರಕ್ಕೆ ಮಾತ್ರ ಫೈಲ್ ಕೊಡುತ್ತದೆ. ಉಳಿದ ಪ್ರೋಗ್ರಾಂಗಳನ್ನೆಲ್ಲ ವರ್ಚುವಲ್ ಮೆಷಿನ್ ಸಮೇತ ಅಳಿಸಿದೆ. ಎಷ್ಟೋ ದಿನ ಆದ ಮೇಲೆ ರೌಟರ್ ಒಳಗೆ ಯಾವುದಕ್ಕೋ ಹೋದಾಗ ಪೋರ್ಟ್ (ಹೊರಗಿನ ಸಂಪರ್ಕ ಒಳಬರುವ ಬಾಗಿಲು) ಪಟ್ಟಿಯಲ್ಲಿ 4662 ಇನ್ನೂ ತೆರೆದೇ ಇತ್ತು. ಪ್ರೋಗ್ರಾಂಗಳು ತಾವೇ ರೌಟರ್‌ನಲ್ಲಿ ಪೋರ್ಟ್ ತೆರೆಸಿಕೊಳ್ಳುವ ಯುಪಿಎನ್‌ಪಿ ಅನ್ನುವ ಸೌಲಭ್ಯದ ಮೂಲಕ ಇಮ್ಯೂಲ್ ತೆರೆಸಿಕೊಂಡಿದ್ದು. ಅದನ್ನು ಅಳಿಸಿದೆ, ಯುಪಿಎನ್‌ಪಿಯನ್ನೂ ಆಫ್ ಮಾಡಿ ಹೊರಬಂದೆ.