ಕೀನ್ಯಾದಲ್ಲಿ ಡಿಸ್ಚಾರ್ಜ್ ಆದ ಮೇಲೆ ಏನು?

ನೈರೋಬಿಗೆ ಕೆಲಸಕ್ಕೆ ಬಂದ ನಮ್ಮವರಲ್ಲಿ ಹೆಚ್ಚಿನವರು ಕಂಪನಿ ವಿಮೆ ನಂಬಿ ಖಾಸಗಿ ಆಸ್ಪತ್ರೆಗೇ ಹೋಗುತ್ತಾರೆ. ಸರ್ಕಾರಿ ವ್ಯವಸ್ಥೆ ತಿಳಿದು ನಮಗೇನು ಅನ್ನಿಸಬಹುದು. ಆದರೆ ನಮ್ಮ ಮನೆಗೆಲಸದವರು, ಡ್ರೈವರ್, ರಾತ್ರಿ ಕಾವಲಿನವರು ನಂಬಿರುವುದು ಅದನ್ನೇ. ಅವರಿಗೆ ಸಂಬಳ ಕೊಡುವವರು ನಾವೇ ಅಲ್ವಾ?

2024ರ ಅಕ್ಟೋಬರ್ 1ರಿಂದ ಹಳೆಯ ಸರ್ಕಾರಿ ಆರೋಗ್ಯ ವಿಮೆಯಾದ ಎನ್‌ಎಚ್‌ಐಎಫ್ ಜಾಗಕ್ಕೆ ಎಸ್‌ಎಚ್‌ಎ ಬಂದಿದೆ. ಸಂಬಳದಲ್ಲಿ ಶೇ 2.75 ಹಿಡಿದು ಕಟ್ಟಬೇಕು, ತಿಂಗಳಿಗೆ ಕನಿಷ್ಠ 300 ಶಿಲ್ಲಿಂಗ್. ಕಟ್ಟುವ ಹೊಣೆ ಮಾಲೀಕರದು. ನಿಮ್ಮ ಮನೆಯಲ್ಲಿ ದುಡಿಯುವವರ ನೋಂದಣಿ ಆಗಿದೆಯಾ ಅಂತ ಮೊದಲು ನೋಡಿ. ತುರ್ತು ಚಿಕಿತ್ಸೆಯನ್ನಂತೂ ಯಾರಿಗೂ ನಿರಾಕರಿಸುವಂತಿಲ್ಲ, ಸಂವಿಧಾನದ 43ನೇ ವಿಧಿಯಲ್ಲೇ ಹಾಗಿದೆ.

ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಬೋಡಾ ಬೋಡಾದಿಂದ, ಅಂದರೆ ಬಾಡಿಗೆ ಬೈಕಿನಿಂದ, ಬಿದ್ದು ಕಾಲು ಮುರಿದವನಿಗೆ ಮೂಳೆ ಕೂಡಿಸಿ ಮನೆಗೆ ಕಳಿಸುತ್ತಾರೆ. ಮುಂದೆ ವಾರಗಟ್ಟಲೆ ಫಿಸಿಯೋಥೆರಪಿ ಬೇಕು. ಊರುಗೋಲು ಹಿಡಿದವನು ಮಟಾಟು (ಇಲ್ಲಿನ ಖಾಸಗಿ ಮಿನಿಬಸ್) ಹತ್ತುವುದನ್ನು ಒಮ್ಮೆ ನೋಡಿ. ಮೆಟ್ಟಿಲು ಎತ್ತರ, ಕಂಡಕ್ಟರ್ ಬೇಗ ಬೇಗ ಅನ್ನುತ್ತಾನೆ, ಒಳಗೆ ಕಾಲು ಚಾಚಲು ಜಾಗವಿಲ್ಲ. ಹೋಗಿಬರುವ ಖರ್ಚು ಬೇರೆ, ಆ ದಿನದ ಕೂಲಿಯೂ ಇಲ್ಲ. ನಾಲ್ಕು ಸಲ ಹೋಗಿ ಬಿಟ್ಟುಬಿಡುತ್ತಾರೆ. ಮಂಡಿ ಹಾಗೇ ಬಿಗಿದುಕೊಳ್ಳುತ್ತದೆ. ಇದನ್ನು ಸೋಮಾರಿತನ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಹಾಗಾಗಿ ಡಿಸ್ಚಾರ್ಜ್‌ಗೆ ಮೊದಲೇ ಫಿಸಿಯೋಥೆರಪಿ ಯಾವತ್ತು, ಎಲ್ಲಿ ಅಂತ ಕೇಳಿ ಬರೆಸಿಕೊಳ್ಳಿ. ಹೆಚ್ಚಿನ ಸರ್ಕಾರಿ ಆರೋಗ್ಯ ಸೇವೆ ನಡೆಸುವುದು 47 ಕೌಂಟಿಗಳು, ಅಂದರೆ ಜಿಲ್ಲೆಯಂಥ ಸ್ಥಳೀಯ ಸರ್ಕಾರಗಳು. ಒಂದು ಕಡೆ ಸಿಗುವ ಸೌಲಭ್ಯ ಪಕ್ಕದಲ್ಲೇ ಸಿಗದೇ ಇರಬಹುದು. ಮನೆ ಹತ್ತಿರದ ಆಸ್ಪತ್ರೆಗೇ ಬರೆದುಕೊಡಿ ಅಂತ ಕೇಳಬಹುದು. ವ್ಯಾಯಾಮವನ್ನು ಮನೆಯವರೊಬ್ಬರು ಥೆರಪಿಸ್ಟ್ ಎದುರಿಗೇ ಕಲಿತುಕೊಳ್ಳಲಿ. ಆ ದಿನಗಳ ಸಂಬಳ ಹಿಡಿಯಬೇಡಿ, ಹೋಗಿಬರುವ ಖರ್ಚು ಕೊಡಿ. ಪಾರ್ಶ್ವವಾಯು ಆದವರಿಗೆ ಆಕ್ಯುಪೇಷನಲ್ ಥೆರಪಿ ಅಂತ ಬೇರೆಯೇ ವಿಭಾಗವಿರುತ್ತದೆ. ಗುಂಡಿ ಹಾಕಿಕೊಳ್ಳುವುದು, ಲೋಟ ಹಿಡಿಯುವುದು ಮತ್ತೆ ಅಭ್ಯಾಸವಾಗುವುದು ಅಲ್ಲಿ. ಅದನ್ನೂ ಕೇಳಿ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಅದಕ್ಕೆಂದೇ ನೈರೋಬಿಯಲ್ಲಿ ರಾಷ್ಟ್ರೀಯ ಆಸ್ಪತ್ರೆಯಿದೆ.

ಗಾಲಿಕುರ್ಚಿ, ಕೃತಕ ಕಾಲು ಬೇಕಾದರೆ ಅಂಗವಿಕಲರಿಗಾಗಿ ದುಡಿಯುವ ಎಪಿಡಿಕೆಯನ್ನು ವಿಚಾರಿಸಿ. 1958ರಿಂದ ಇರುವ ಸಂಸ್ಥೆ. ಮೊಂಬಾಸಾಗೆ ಹೋದವರು ಬೊಂಬೊಲುಲು ಕಾರ್ಯಾಗಾರದಲ್ಲಿ ಕರಕುಶಲ ವಸ್ತು ಕೊಂಡಿರಬಹುದು, ಅದು ಇವರದೇ. ಕಾಯಂ ಊನ ಉಳಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ, ಅಂಗವಿಕಲರ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಪಿಡಬ್ಲ್ಯುಡಿಯಲ್ಲಿ ಹೆಸರು ಬರೆಸಬೇಕು. ಈ ಓಡಾಟಕ್ಕೆ ನೀವೇ ಒಂದು ದಿನ ಕಾರು ಕೊಟ್ಟು ಜೊತೆಗೆ ಹೋಗಿ.