ಜರ್ಮನಿಗೆ ಹೊಸದಾಗಿ ಬಂದಿದ್ದೀರಾ? ಸಂಬಳದ ಚೀಟಿಯನ್ನು ಕಂಡಕಂಡವರಿಗೆ ಕಳಿಸಬೇಡಿ

ಮ್ಯೂನಿಕ್‌ನಲ್ಲಿ ಬಾಡಿಗೆ ಮನೆ ಎಲ್ಲಿ ಕೈತಪ್ಪುತ್ತೋ ಎಂಬ ಭಯಕ್ಕೆ ನಮ್ಮವರು ಪಾಸ್‌ಪೋರ್ಟ್, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವನ್ನೂ ಮೊದಲ ಇಮೇಲ್‌ನಲ್ಲೇ ಕಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆ ನೋಡಲು ಹೋಗುವಾಗ ಹೆಸರು, ವಿಳಾಸ, ಫೋನ್ ನಂಬರ್ ಕೊಟ್ಟರೆ ಸಾಕು. ಗುರುತಿನ ಚೀಟಿ ಕೇಳಿದರೆ ತೋರಿಸಿ, ಜೆರಾಕ್ಸ್ ಕೊಡಬೇಕಿಲ್ಲ. ಸಂಬಳದ ಮಾತು ಬರಬೇಕಾದ್ದು ಆ ಮನೆ ಬೇಕು ಎಂದು ನೀವು ಹೇಳಿದ ಮೇಲೆ. ಸಂಬಳದ ಚೀಟಿ ಕೊಡುವುದು ಅವರು ನಿಮ್ಮನ್ನು ಆರಿಸಿದ ಮೇಲೆ. ಮಕ್ಕಳು ಮಾಡಿಕೊಳ್ಳುವ ಯೋಚನೆ ಇದೆಯಾ ಎಂದು ಕೇಳುವ ಹಾಗೇ ಇಲ್ಲ. ಇದು ಜರ್ಮನಿಯ ದತ್ತಾಂಶ ರಕ್ಷಣಾ ಪ್ರಾಧಿಕಾರಗಳೇ ಒಟ್ಟಾಗಿ ಕೊಟ್ಟಿರುವ ಮಾರ್ಗಸೂಚಿ.

ಈ ಪ್ರಾಧಿಕಾರಗಳ ಬಗ್ಗೆ ಬಂದ ಹೊಸತರಲ್ಲೇ ತಿಳಿದುಕೊಳ್ಳಿ. 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್, ಅಂದರೆ ವೈಯಕ್ತಿಕ ಮಾಹಿತಿಯನ್ನು ಕಾಯುವ ಐರೋಪ್ಯ ಒಕ್ಕೂಟದ ಕಾನೂನು, ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದೆಂದು ನೋಡುವುದಿಲ್ಲ. ಅದನ್ನು ಮೀರಿದವರ ಮೇಲೆ ಈ ಪ್ರಾಧಿಕಾರಗಳಿಗೆ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದೂರು ಕೊಟ್ಟರೆ ವೀಸಾಗೆ ತೊಂದರೆಯಾದೀತು ಎಂದು ಹೆದರುವವರಿದ್ದಾರೆ. ಈ ಪ್ರಾಧಿಕಾರಕ್ಕೂ ವೀಸಾ ಕಚೇರಿಗೂ ಸಂಬಂಧವಿಲ್ಲ. ಸರ್ಕಾರವೂ ಅದಕ್ಕೆ ಹೀಗೇ ಮಾಡು ಎಂದು ಹೇಳುವಂತಿಲ್ಲ.

ಒಂದೊಂದು ರಾಜ್ಯಕ್ಕೂ ಬೇರೆ ಪ್ರಾಧಿಕಾರ. ಬವೇರಿಯಾದಲ್ಲಂತೂ ಎರಡಿವೆ: ಮನೆ ಮಾಲೀಕರು, ಏಜೆಂಟರು, ಖಾಸಗಿ ಕಂಪನಿಗಳ ಮೇಲಿನ ದೂರು ಆನ್ಸ್‌ಬಾಖ್‌ಗೆ, ರಾಜ್ಯದ ಸರ್ಕಾರಿ ಕಚೇರಿಗಳ ಮೇಲಿನದು ಮ್ಯೂನಿಕ್‌ಗೆ. ಮೊಬೈಲ್ ಕಂಪನಿಯ ವಿಷಯವಾದರೆ ಬಾನ್‌ನಲ್ಲಿರುವ ಕೇಂದ್ರ ಪ್ರಾಧಿಕಾರ.

ಮೊದಲು ಕಂಪನಿಗೇ ಬರೆಯಿರಿ: ಜಿಡಿಪಿಆರ್‌ನ 15ನೇ ವಿಧಿಯ ಪ್ರಕಾರ ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ, ಯಾರಿಗೆ ಕೊಟ್ಟಿದ್ದೀರಿ, ತಿಳಿಸಿ. ಉತ್ತರಕ್ಕೆ ಒಂದು ತಿಂಗಳ ಗಡುವು. ವಿಷಯ ಜಟಿಲವಾಗಿದ್ದರೆ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು, ಆದರೆ ಅದನ್ನೂ ಮೊದಲ ತಿಂಗಳೊಳಗೇ ಹೇಳಬೇಕು. ಸುಮ್ಮನಿದ್ದರೆ ಆ ಪತ್ರವನ್ನು ಲಗತ್ತಿಸಿ ಪ್ರಾಧಿಕಾರಕ್ಕೆ ದೂರು ಕೊಡಿ. ಎಷ್ಟೋ ಕಂಪನಿಗಳು ಪ್ರಾಧಿಕಾರದ ಕಾಗದ ಕಂಡ ಮೇಲೆಯೇ ಬಾಯಿ ಬಿಡುವುದು.

ಪ್ರಾಧಿಕಾರ ತನಿಖೆ ಮಾಡಬಹುದು, ಮಾಹಿತಿ ಅಳಿಸಲು ಆದೇಶಿಸಬಹುದು, ದಂಡವನ್ನೂ ಹಾಕಬಹುದು. ಆದರೆ ಆ ದಂಡ ಸರ್ಕಾರದ ಬೊಕ್ಕಸಕ್ಕೆ. ನಿಮಗೆ ಪರಿಹಾರ ಬೇಕಿದ್ದರೆ ಕೋರ್ಟಿಗೇ ಹೋಗಬೇಕು. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮೇಲಿನ ದೂರನ್ನೂ ಇಲ್ಲೇ ಕೊಡಬಹುದು, ಆದರೆ ಮುಖ್ಯ ವಿಚಾರಣೆ ಐರ್ಲೆಂಡ್ ಪ್ರಾಧಿಕಾರದ್ದು. 2023ರಲ್ಲಿ ಇವೆರಡರ ಒಡೆಯ ಕಂಪನಿ ಮೆಟಾಗೆ 120 ಕೋಟಿ ಯೂರೊ ದಂಡ ಹಾಕಿದ್ದು ಅದೇ. ಅಂಥ ಪ್ರಕರಣಗಳು ವರ್ಷಗಟ್ಟಲೆ ಎಳೆಯುತ್ತವೆ. ಮೂರು ತಿಂಗಳಾದರೂ ನಿಮ್ಮ ದೂರು ಏನಾಯಿತೆಂದು ತಿಳಿಸದಿದ್ದರೆ ಪ್ರಾಧಿಕಾರದ ಮೇಲೆಯೇ ಕೋರ್ಟಿಗೆ ಹೋಗುವ ಹಕ್ಕು ನಿಮಗಿದೆ.