ತಣ್ಣಗಾದ ಪಾದಗಳಿಗೆ ಬಿಸಿನೀರಿನ ಶಾಖ ಕೊಡುವ ಕ್ರಮ

ಚಳಿಗಾಲದ ರಾತ್ರಿ ಕಂಬಳಿ ಹೊದ್ದು ಮುದುಡಿ ಮಲಗಿದರೂ ಕೆಲವರ ಪಾದಗಳು ಬೆಚ್ಚಗಾಗುವುದೇ ಇಲ್ಲ. ಚಳಿ ತಗುಲಿದಾಗ ಶರೀರವು ಒಳಗಿನ ಕಾವನ್ನು ಕಾಪಾಡಿಕೊಳ್ಳಲು ಕೈಕಾಲುಗಳ ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೊರಗಿನಿಂದ ಹದವಾದ ಶಾಖ ಸಿಕ್ಕಾಗ ಅವೇ ನಾಳಗಳು ಹಿಗ್ಗಿ, ಅಂಗಾಲಿಗೂ ಬೆರಳುಗಳಿಗೂ ಹೆಚ್ಚು ರಕ್ತ ಹರಿಯುತ್ತದೆ. ಈ ಪರಿಣಾಮ ತಾತ್ಕಾಲಿಕವಾದುದು. ಕೊಬ್ಬು ಕಟ್ಟಿ ಕಿರಿದಾದ ರಕ್ತನಾಳವನ್ನು ಬಿಸಿನೀರು ತೆರೆಯಲಾರದು.

ಆದ್ದರಿಂದ ನೀರು ಕಾಯಿಸುವ ಮೊದಲು ಪಾದವನ್ನು ನೋಡಬೇಕು. ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿಕೊಂಡ ಬಣ್ಣ ಸಾಮಾನ್ಯವಾಗಿ ಎರಡು ಮೂರು ಸೆಕೆಂಡುಗಳಲ್ಲಿ ಮರಳುತ್ತದೆ. ಬಳಿಕ ಕಣ್ಣು ಮುಚ್ಚಿ ಕುಳಿತು, ಮನೆಯವರೊಬ್ಬರು ಹತ್ತಿಯ ಎಳೆಯಿಂದ ಒಂದೊಂದು ಬೆರಳನ್ನೂ ಸವರಿದಾಗ ಯಾವ ಬೆರಳೆಂದು ಹೇಳಬೇಕು. ಉತ್ತರ ತಪ್ಪಿದರೆ ಅಥವಾ ಬಣ್ಣ ಮರಳಲು ತಡವಾದರೆ ಶಾಖ ಬೇಡ, ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯಿಂದ ನರಗಳು ಮಂಕಾದವರಿಗೆ ಸುಟ್ಟದ್ದು ತಿಳಿಯುವುದೇ ಇಲ್ಲ. ಮರುದಿನ ಬೊಬ್ಬೆ ಎದ್ದಾಗಲಷ್ಟೇ ಗೊತ್ತಾಗುತ್ತದೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಂಡಿದಂತಾಗಿ, ನಿಂತರೆ ನೋವು ಇಳಿಯುವವರಿಗೂ ಶಾಖ ಅಪಾಯಕಾರಿ. ಏಕೆಂದರೆ ಬಿಸಿಯಾದ ಅಂಗಾಂಶವು ಹೆಚ್ಚು ಆಮ್ಲಜನಕವನ್ನು ಬೇಡುತ್ತದೆ, ಕಿರಿದಾದ ನಾಳವು ಅದನ್ನು ಪೂರೈಸಲಾರದು. ಗಾಯ, ಕೀವು, ಒಂದೇ ಕಾಲಿನ ದಿಢೀರ್ ಊತ ಇದ್ದಾಗಲೂ ಇದು ಸಲ್ಲದು.

ಪಾದಸ್ನಾನಕ್ಕೆ 38ರಿಂದ 40 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಲೆಕ್ಕ ಸುಲಭ: ನಲ್ಲಿಯ ನೀರು 25 ಡಿಗ್ರಿಯ ಆಸುಪಾಸಿನಲ್ಲಿದ್ದರೆ ನಾಲ್ಕು ಚೊಂಬು ತಣ್ಣೀರಿಗೆ ಒಂದು ಚೊಂಬು ಕುದಿಯುವ ನೀರು, ಮಲೆನಾಡಿನ ಚಳಿಗೆ ತೊಟ್ಟಿಯ ನೀರು ಕೊರೆಯುತ್ತಿದ್ದರೆ ಮೂರಕ್ಕೆ ಒಂದು. ಮೊದಲು ತಣ್ಣೀರು, ಆಮೇಲೆ ಬಿಸಿ; ಕಾಲನ್ನು ಒಳಗಿಟ್ಟುಕೊಂಡು ಮೇಲಿಂದ ಕುದಿನೀರು ಸುರಿಯಬಾರದು. ಹದವನ್ನು ಅಂಗೈಯಿಂದ ಅಳೆಯುವ ಅಭ್ಯಾಸವನ್ನೂ ಬಿಡಬೇಕು. ದಿನವೂ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದ ನಮ್ಮ ಅಜ್ಜಿಗೆ ‘ಹದವಾಗಿದೆ’ ಎನಿಸಿದ ನೀರಿನಲ್ಲಿ ನಾವು ಮಕ್ಕಳು ಕಾಲೂರಲು ಆಗುತ್ತಿರಲಿಲ್ಲ. ಮೊಣಕೈಯನ್ನು ಅದ್ದಿ ನೋಡಿದಾಗ ಬೆಚ್ಚಗೆ ಎನಿಸಬೇಕೇ ಹೊರತು ಸುಡಬಾರದು.

ಕಣಕಾಲಿನ ಗಂಟು ಮುಳುಗುವಷ್ಟು ನೀರಿನಲ್ಲಿ ಹದಿನೈದು ನಿಮಿಷ ಕಾಲಿಟ್ಟು, ನಡುನಡುವೆ ಬೆರಳುಗಳನ್ನು ಮಡಚಿ ಬಿಡಿಸುತ್ತಾ, ಹಿಮ್ಮಡಿಯನ್ನು ಎತ್ತಿ ಇಳಿಸುತ್ತಾ ಇರಬೇಕು. ಮೀನಖಂಡದ ಸ್ನಾಯುಗಳು ಹೀಗೆ ಬಿಗಿದು ಸಡಿಲಾದಾಗ ಕಾಲಿನ ರಕ್ತ ಸುಲಭವಾಗಿ ಮೇಲಕ್ಕೆ ಏರುತ್ತದೆ. ನೀರಿಗೆ ಉಪ್ಪು ಹಾಕಬೇಕೇ ಎಂದು ಹಲವರು ಕೇಳುತ್ತಾರೆ. ಹಾಕಿದರೆ ತೊಂದರೆಯಿಲ್ಲ, ಆದರೆ ಇಲ್ಲಿ ಕೆಲಸ ಮಾಡುವುದು ಬಿಸಿಯೇ. ಮುಗಿದ ಕೂಡಲೇ ಎದ್ದು ನಿಂತರೆ, ಅದರಲ್ಲೂ ರಕ್ತದೊತ್ತಡದ ಮಾತ್ರೆ ನುಂಗುವವರಿಗೆ, ತಲೆ ಸುತ್ತಬಹುದು. ಒಂದೆರಡು ನಿಮಿಷ ಕುಳಿತೇ ಇರುವುದು ಒಳ್ಳೆಯದು. ಬೆರಳ ಸಂದುಗಳ ತೇವವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಅಂಗಾಲಿಗೆ ಕೊಬ್ಬರಿ ಎಣ್ಣೆ ಸವರಿ, ಹತ್ತಿಯ ಕಾಲುಚೀಲ ತೊಟ್ಟರೆ ಬಂದ ಕಾವು ಬೇಗ ಆರುವುದಿಲ್ಲ.

ಬಾಣಲೆಯಲ್ಲಿ ಹುರಿದ ಕಲ್ಲುಪ್ಪಿನ ಗಂಟನ್ನಾಗಲಿ, ರಬ್ಬರಿನ ಬಿಸಿನೀರಿನ ಚೀಲವನ್ನಾಗಲಿ ಬಳಸುವವರು ಅದಕ್ಕೆ ಎರಡು ಪದರ ಟವೆಲ್ ಸುತ್ತಬೇಕು. ಹಾಸಿಗೆಯನ್ನು ಬೆಚ್ಚಗೆ ಮಾಡಿ, ಮಲಗುವಾಗ ಅದನ್ನು ತೆಗೆದಿಡಬೇಕು, ಏಕೆಂದರೆ ಕೈಗೆ ಹಿತವೆನಿಸುವ 45 ಡಿಗ್ರಿಯ ಬಿಸಿಯೂ ನಿದ್ದೆಯಲ್ಲಿ ಗಂಟೆಗಟ್ಟಲೆ ಒಂದೇ ಕಡೆ ತಾಗಿದರೆ ಚರ್ಮವನ್ನು ಸುಡುತ್ತದೆ.